ಸೈಕಲ್ಲಿನಲ್ಲಿ ಮೋರ್ಯರ ಬೆಟ್ಟದತ್ತ

ಕೊಪ್ಪಳದಿಂದ ಗಂಗಾವತಿಯತ್ತ ಏಕಾಂಗಿಯಾಗಿ ಸೈಕಲ್ ತುಳಿಯುವವನಿಗೆ ಮಲೆನಾಡಿನ ನೆರಳು ದೊರೆಯದು. ಒಂದರ ಮೇಲೊಂದು ಪೇರಿಸಿದಂತಿರುವ ಈ ಬಂಡೆಗುಡ್ಡಗಳ ಚೆಲುವೇ ಬೇರೆ. ಗಂಗಾವತಿಗೆ ಸುಮಾರು 10 ಕಿಲೋಮೀಟರು ಉಳಿದಿರುವಾಗ ಹಿರೇಬೆಣಕಲ್ ಬರುತ್ತದೆ. ಬಸ್ಸಿನವರು ಮುಂದೆ ಸಾಗುತ್ತಾರೆ. ಸೈಕಲ್ಲಿಗನು ವಾಹನವನ್ನು ಊರಿನಲ್ಲಿ ಬಿಟ್ಟು, ನೀರಿನ ಸೀಸೆಯನ್ನು ಹೆಗಲಿಗೇರಿಸಿ ಬೆಟ್ಟ ಹತ್ತಬೇಕು.

ಮೇಲೆ, ಸತ್ತವರ ನೆನಪಿಗಾಗಿ ಎರಡು ಸಾವಿರ ವರ್ಷಗಳಿಗೂ ಹಿಂದೆ ಚಪ್ಪಡಿಗಳಿಂದ ಕಟ್ಟಿದ ಸುಮಾರು 400 ಶಿಲಾಸ್ಮಾರಕಗಳು. ಕೆಲವು ಆಳೆತ್ತರವನ್ನೂ ಮೀರಿವೆ; ಕೆಲವಕ್ಕೆ ದುಂಡನೆಯ ಕಿಂಡಿ. ಊರವರಿಗೆ ಇವು ಮೋರ್ಯರ ಮನೆಗಳು. ಗೋರಿಗಿಂತ ಮನೆಯೆಂಬ ಹೆಸರೇ ಒಪ್ಪುವಂತಿದೆ! ಎತ್ತರದ ಬಂಡೆಯ ನೆತ್ತಿಯಲ್ಲೊಂದು ನಗಾರಿಗಲ್ಲು. ಬಡಿದರೆ ದನಿ ಬಹುದೂರ ಹರಡುವುದು. ಆದರೆ ಜೊತೆಗಾರನಿಲ್ಲದೆ ಅದನ್ನೇರುವುದು ವಿವೇಕವಲ್ಲ. ಕಾಲು ಜಾರಿದರೆ ಕೂಗು ಕೇಳುವವರಿಲ್ಲ.

ಬಿಸಿಲೇರುವ ಮುನ್ನ ಇಳಿದು ಮತ್ತೆ ಸೈಕಲ್ಲೇರಿದವನನ್ನು ತುಂಗಭದ್ರೆಯ ಕಾಲುವೆ ಉಣಿಸುವ ಗಂಗಾವತಿಯ ಭತ್ತದ ಗದ್ದೆಗಳು ಎದುರುಗೊಳ್ಳುತ್ತವೆ.