ಕಲ್ಲಿನ ತೇರಿಗೊಂದು ಬಾಡಿ ಚೆಕ್

ಹಂಪಿಗೆ ಹೋದವರೆಲ್ಲ ಕಲ್ಲಿನ ತೇರಿನ ಮುಂದೆ ಸೆಲ್ಫಿ ತೆಗೀತಾರೆ, ಐವತ್ತರ ನೋಟು ಹಿಡಿದು ತಾಳೆ ನೋಡ್ತಾರೆ, ಹೊರಡ್ತಾರೆ. ಈ ಸಲ ಹಳೇ ಕಾರಿನ ಹುಚ್ಚಿರುವ ಗೆಳೆಯರನ್ನು ಜೊತೆಗೆ ಕರ್ಕೊಂಡು ಹೋಗಿ. ಅವರು ತೇರಿನ ಅಂದ ಹೊಗಳೋದಿಲ್ಲ, ಸಂದು ಹುಡುಕ್ತಾರೆ.

ಅದಕ್ಕೆ ಕಾರಣ ಇದೆ. ಎರಡನೇ ಮಹಾಯುದ್ಧಕ್ಕೆ ಮುಂಚೆ ರೋಲ್ಸ್ ರಾಯ್ಸ್ ಕಂಪನಿ ಮಾರುತ್ತಿದ್ದದ್ದು ಎಂಜಿನ್ ಸಮೇತ ಚಾಸಿ ಮಾತ್ರ. ಬಾಡಿಯನ್ನು ಬಾರ್ಕರ್, ಹೂಪರ್‌ನಂಥ ಬೇರೆ ಕಡೆ ಕಟ್ಟಿಸಬೇಕಿತ್ತು. ಒಳಗೆ ಆಶ್ ಮರದ ಚೌಕಟ್ಟು, ಮೇಲೆ ಕೈಯಲ್ಲಿ ಬಡಿದು ಬಾಗಿಸಿದ ಅಲ್ಯುಮಿನಿಯಂ ಅಥವಾ ಉಕ್ಕಿನ ತಗಡು. ನಮಗಿದು ತೀರಾ ಹೊಸದಲ್ಲ ಬಿಡಿ. ಸಂಡೂರಿನ ಅದಿರು ಲಾರಿಗಳನ್ನು ಕಂಡ ಹೊಸಪೇಟೆಯವರಿಗೆ ಚಾಸಿ ತಂದು ಬಾಡಿ ಕಟ್ಟಿಸೋದು ಅಂದ್ರೆ ಏನು ಅಂತ ಹೇಳಿಕೊಡಬೇಕಿಲ್ಲ.

ಇಂಥ ಕಾರಿಗೆ ಪೇಂಟ್ ನೋಡಿ ಬೆಲೆ ಕಟ್ಟಿದರೆ ಲಕ್ಷಗಟ್ಟಲೆ ಹೋಯ್ತು ಅಂತಲೇ ಲೆಕ್ಕ. ಬಾಗಿಲು ಅರ್ಧ ತೆರೆದು ಮೆಲ್ಲಗೆ ಮೇಲಕ್ಕೆತ್ತಬೇಕು. ಕೀಲು ಮಾತ್ರ ಆಡಿದರೆ ಸಣ್ಣ ಕೆಲಸ. ಬಾಗಿಲ ಕಂಬವೇ ಅಲುಗಿದರೆ ಒಳಗಿನ ಮರ ಲಡ್ಡು ಹಿಡಿದಿರುತ್ತೆ. ಕಾರ್ಪೆಟ್ ಎತ್ತಿ ಬಾಗಿಲ ಬುಡ ನೋಡಬೇಕು, ನೀರು ನಿಲ್ಲೋದು ಅಲ್ಲೇ. ಉಕ್ಕಿನ ತಗಡಿನ ಮೇಲೆ ಅಯಸ್ಕಾಂತ ಅಂಟದ ಜಾಗ ಸಿಕ್ಕರೆ ಪುಟ್ಟಿ ಮೆತ್ತಿದ್ದಾರೆ ಅಂತ ಅನುಮಾನಪಡಿ. ಅಲ್ಯುಮಿನಿಯಂಗೆ ಈ ಉಪಾಯ ನಡೆಯಲ್ಲ, ಬೆರಳಲ್ಲಿ ತಟ್ಟಿ ಸದ್ದು ಕೇಳಬೇಕು. ತಗಡು ಬದಲಾಗಿದ್ದರೆ ನಾನು ಅದನ್ನು ರಿಪೇರಿ ಅಂತೀನಿ. ಚೌಕಟ್ಟೇ ಪೂರ್ತಿ ಹೊಸದಾದರೆ ಹಳೇ ಚಾಸಿ ಮೇಲೆ ಕೂತಿರೋದು ಬೇರೆ ಕಾರು.

ಈಗ ಅದೇ ಕಣ್ಣಲ್ಲಿ ವಿಠ್ಠಲ ದೇವಸ್ಥಾನದ ತೇರು ನೋಡಿ. ಒಂದೇ ಬಂಡೆಯಲ್ಲಿ ಕಡೆದದ್ದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಗ್ರಾನೈಟ್ ತುಂಡುಗಳನ್ನು ಕೂರಿಸಿ ಕಟ್ಟಿದ ಗರುಡನ ಗುಡಿ ಅದು. ಸಂದುಗಳು ಕೆತ್ತನೆಯ ಗೆರೆಗಳಲ್ಲೇ ಅಡಗಿವೆ, ಎಂಥಾ ಮೇಸ್ತ್ರಿಗಳಪ್ಪಾ! ಮುಂದಿರುವ ಆನೆಗಳು ಮೂಲದವಲ್ಲ. ಅವುಗಳ ಹಿಂದೆ ಕುದುರೆಗಳ ಹಿಂಗಾಲು, ಬಾಲದ ಗುರುತು ಇನ್ನೂ ಉಳಿದಿವೆ. ಮೇಲೆ ಇಟ್ಟಿಗೆಯ ಶಿಖರವೂ ಇತ್ತು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಫೋಟೋದಲ್ಲಿ ಅದು ಕಾಣುತ್ತೆ, ಈಗಿಲ್ಲ. ಒಂದು ಕಾಲಕ್ಕೆ ತಿರುಗುತ್ತಿದ್ದವಂತೆ ಅನ್ನುವ ಚಕ್ರಗಳು ಈಗ ಅಲುಗಲ್ಲ.

ಕಾರಾಗಿದ್ದರೆ ಯಾರೋ ಹೊಸ ಟಾಪ್ ಹಾಕಿಸಿ, ಪಾಲಿಶ್ ಹೊಡೆಸಿ, ‘ಒರಿಜಿನಲ್’ ಅಂತ ಮಾರ್ತಿದ್ದರು. ಇಲ್ಲಿ ಶಿಖರ ಹೋದದ್ದು ಹೋದ ಹಾಗೇ ಕಾಣುತ್ತೆ. ನನಗೆ ಅದೇ ಸರಿ ಅನಿಸುತ್ತೆ, ಗೆಳೆಯರು ಒಪ್ಪಲಿಕ್ಕಿಲ್ಲ.

ಚೈತ್ರದಲ್ಲಿ ಹೋದರೆ ವಿರೂಪಾಕ್ಷನ ಮರದ ತೇರನ್ನೂ ನೋಡಿ ಬನ್ನಿ. ಕೆಳಗೆ ಚಕ್ರ, ಅಚ್ಚು, ಕೆತ್ತಿದ ಮರದ ಅಡ್ಡೆ. ಮೇಲಿನ ಬಟ್ಟೆಯ ಗೋಪುರವನ್ನು ಜಾತ್ರೆಗಂತಲೇ ಕಟ್ಟಿ, ಆಮೇಲೆ ಬಿಚ್ಚಿಡ್ತಾರೆ. ಚಾಸಿ ಯಾವುದು, ಬಾಡಿ ಯಾವುದು ಅಂತ ಅಲ್ಲಿ ಕೇಳೋದೇ ಬೇಡ.