ಹದಿನೆಂಟು ಕೆಲಸದ ಸುತ್ತಿಗೆ

ಹೋಳಿಯಾದ ಐದನೆಯ ದಿನ ಕಲಬುರಗಿಯಲ್ಲಿ ಶರಣಬಸವೇಶ್ವರರ ತೇರು. ತೇರು ಎಳೆದ ಮೇಲೂ ಎಷ್ಟೋ ದಿನ ಗುಡಿಯ ಮುಂದಿನ ಬಯಲಲ್ಲಿ ಜಾತ್ರೆಯ ಅಂಗಡಿಗಳು ಹಾಗೇ ಇರುತ್ತವೆ. ನಮ್ಮ ಓಣಿಯ ಬಡಗಿ ಅಂಗಡಿಗೆ ಹೊಸದಾಗಿ ಸೇರಿದ ಹತ್ತೊಂಬತ್ತರ ಹುಡುಗ ಮೊದಲ ಪಗಾರದಲ್ಲಿ ಅಲ್ಲಿಂದ ಒಂದು ಸುತ್ತಿಗೆ ಕೊಂಡು ತಂದ. ಹಿಡಿ ಬಿಚ್ಚಿದರೆ ಇಕ್ಕಳ, ಇಕ್ಕಳದ ಹೊಟ್ಟೆಯೊಳಗೆ ಚಾಕು, ಸ್ಕ್ರೂ ಡ್ರೈವರ್, ಅರ, ಬೆರಳುದ್ದದ ಗರಗಸ, ಸೋಡಾ ಬಾಟ್ಲಿಯ ಮುಚ್ಚಳ ತೆಗೆಯುವ ಕೊಕ್ಕೆ. ಹದಿನೆಂಟು ಕೆಲಸಕ್ಕೆ ಒಂದೇ ಹತ್ಯಾರ ಅಂತ ಮಾರಿದವನು ಹೇಳಿದ್ದನಂತೆ.

ಮಿಸ್ತ್ರಿ ಅದನ್ನು ಸಾಗವಾನಿ ಚೌಕಟ್ಟಿನ ಮೇಲೆ ಬಿಚ್ಚಿಟ್ಟು ಒಂದೊಂದನ್ನೇ ಎಣಿಸಿದರು. ಕೊನೆಗೆ ಕನ್ನಡಕ ಮೇಲೇರಿಸಿ, "ಎಲ್ಲಾ ಅದ ಇದರಾಗ. ಸುತ್ತಿಗಿ ಒಂದೇ ಇಲ್ಲ" ಅಂದರು.

ಅಷ್ಟು ಸಾಕಾಯಿತು. "ಕಾಕಾ, ಗರಗಸ ನೋಡ್ರಿ, ಸೌತೀಕಾಯಿ ಕೊಯ್ಯಾಕ ಬರ್ತದ" ಎಂದ ಒಬ್ಬ. "ಎಳೀದಿರಬೇಕು ಮತ್ತ" ಎಂದ ಇನ್ನೊಬ್ಬ. ಪಾಲಿಶ್ ಮಾಡುವವನು ತನ್ನ ಬ್ರಷ್ಷೂ ಸೇರಿಸಿದ್ದರೆ ಹತ್ತೊಂಬತ್ತಾಗುತ್ತಿತ್ತೆಂದ. ಹುಡುಗನ ಕಿವಿ ಕೆಂಪಗಾದವು. ಆದರೂ ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ.

ಮಿಸ್ತ್ರಿ ನಗೆಗೇ ಬಿಡಲಿಲ್ಲ. ಬೇವಿನ ತುಂಡೊಂದನ್ನು ಮುಂದೆ ಹಾಕಿ, "ಮಳಿ ಹೊಡಿ ನೋಡೂಣು" ಅಂದರು. ಎರಡಿಂಚಿನ ಮೊಳೆ ಮೂರನೆಯ ಏಟಿಗೆ ಸೊಟ್ಟಗಾಯಿತು, ಹಿಡಿಯ ಸಂದಿಗೆ ಹುಡುಗನ ಅಂಗೈ ಚರ್ಮ ಸಿಕ್ಕಿಕೊಂಡಿತು. ಆಗ ಅವರು ತಮ್ಮ ಸ್ವಂತ ಸುತ್ತಿಗೆಯನ್ನು ಅವನ ಕೈಗೆ ಕೊಟ್ಟರು. ಬೇರೆಯವರು ಮುಟ್ಟಿದರೆ ಸಿಡುಕುವ ಮನುಷ್ಯ ಅವರು. ಆ ದಿನದ ಪಾಠ ಅದೇ.

ಬಡಗಿಗಳ ಈ ಚೇಷ್ಟೆಗೆ ದೊಡ್ಡ ಬಳಗವಿದೆ. ಹೊಸಬನನ್ನು ಪಕ್ಕದ ಅಂಗಡಿಗೆ ಕಳಿಸಿ "ಗುಂಡಗಿನ ಗುನ್ಯಾ" ಇಸಕೊಂಡು ಬಾ ಎನ್ನುವುದನ್ನು ಇದೇ ಅಂಗಡಿಯಲ್ಲಿ ನಾನು ಕಂಡಿದ್ದೇನೆ. ಗುನ್ಯಾ ಇರುವುದು ಮೂಲೆ ತೊಂಬತ್ತು ಡಿಗ್ರಿಗೆ ನಿಂತಿದೆಯೋ ಇಲ್ಲವೋ ನೋಡಲು. ಅದು ಗುಂಡಗಿದ್ದರೆ ಗುನ್ಯಾನೇ ಅಲ್ಲ. ಮೂರು ಅಂಗಡಿ ಅಲೆದು ಬರಿಗೈಲಿ ಬಂದ ಹುಡುಗ ಗುನ್ಯಾ ಎಂದರೇನೆಂದು ಮತ್ತೆ ಯಾರನ್ನೂ ಕೇಳಬೇಕಾಗಲಿಲ್ಲ. ಇಂಗ್ಲೆಂಡಿನಲ್ಲಿ ಹೊಸ ಕೆಲಸಗಾರನನ್ನು ಎಡಗೈ ಸ್ಕ್ರೂ ಡ್ರೈವರ್ ತರಲು ಅಟ್ಟುತ್ತಾರೆ. ಫ್ರಾನ್ಸಿನ ಚಿತ್ರಕಾರ ಜಾಕ್ ಕಾರೆಲ್ಮಾನ್ 1969ರಲ್ಲಿ ಎಲ್ಲೂ ಸಿಗದ ವಸ್ತುಗಳದ್ದೇ ಒಂದು ಕ್ಯಾಟಲಾಗ್ ತಂದ. ಅದರ ಕಾಫಿ ಹೂಜಿಗೆ ಹಿಡಿಕೆ ಇರುವ ಕಡೆಗೇ ಮೂತಿ. ಬಗ್ಗಿಸಿದರೆ ಕಾಫಿ ಮೈಮೇಲೆ. ಕಾರೆಲ್ಮಾನ್ ನಗಿಸಲೆಂದೇ ಬರೆದ. ಜಾತ್ರೆಯ ಸುತ್ತಿಗೆಯನ್ನು ಮಾತ್ರ ನಿಜವಾದ ಕೆಲಸಕ್ಕೆಂದು ಮಾರುತ್ತಾರೆ, ಬಡ ಹುಡುಗನ ಪಗಾರ ಅದಕ್ಕೆ ಹೋಗುತ್ತದೆ. ಇದು ನನಗೆ ಬೇಸರದ ಸಂಗತಿ.

ಮುಂದಿನ ವಾರ ಕಮಲಾಪುರಕ್ಕೆ ಹೋಗುವಾಗ ಆ ಸುತ್ತಿಗೆಯನ್ನು ಹುಡುಗನಿಂದ ಕೇಳಿ ಪಡೆದು ಚೀಲಕ್ಕೆ ಹಾಕಿಕೊಂಡೆ. ಹುಮನಾಬಾದ್ ರಸ್ತೆಯಲ್ಲಿ ಸುಮಾರು 35 ಕಿಲೋಮೀಟರ್. 2018ರಿಂದ ತಾಲ್ಲೂಕು ಕೇಂದ್ರ, ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು. ಅಲ್ಲಿ ನಮ್ಮ ಹೊಲದ ಕುಂಟೆ, ಕೂರಿಗೆ ಮಾಡಿಕೊಡುತ್ತಿದ್ದ ಹಿರಿಯ ಬಡಗಿಯೊಬ್ಬರಿದ್ದಾರೆ. ಟ್ರ್ಯಾಕ್ಟರ್ ಬಂದ ಮೇಲೆ ಕೆಲಸ ಕಡಿಮೆ. ಅಂದು ಜಾಲಿಯ ತೊಲೆಯೊಂದನ್ನು ಪಾದದಿಂದ ಅದುಮಿ ಹಿಡಿದು, ಬಾಚಿಯಿಂದ ಕುಂಟೆಯ ದಿಂಡು ಕೆತ್ತುತ್ತಿದ್ದರು. ಬಾಚಿಯ ಬಾಯಿ ಹೆಬ್ಬೆರಳಿಂದ ನಾಲ್ಕು ಬೆರಳು ದೂರಕ್ಕೆ ಬಂದು ನಿಲ್ಲುತ್ತಿತ್ತು, ಪ್ರತಿ ಸಲವೂ ಅಷ್ಟೇ ದೂರಕ್ಕೆ.

ಚೀಲದಿಂದ ಜಾತ್ರೆಯ ಸುತ್ತಿಗೆ ತೆಗೆದು ಅವರ ಕೈಗಿಟ್ಟೆ. "ಏನ್ ಬೀಗರ ಊಟ ಅದರಿ ಇದು! ಹದಿನೆಂಟು ಮನಿಯವರು ಒಂದೇ ಪಂಕ್ತಿಗೆ ಕುಂತಾರ, ಬಡಸಾವ್ರೇ ಇಲ್ಲ" ಎಂದು ನಕ್ಕರು. ನಕ್ಕು ಮುಗಿಸಿ, ಅದನ್ನು ತೋರುಬೆರಳ ಮೇಲೆ ಅಡ್ಡಲಾಗಿ ಇಟ್ಟು ತೂಗಿದರು. ಹಿಡಿಯ ನಡುವಿಗೆ ಬಂದಾಗ ಅದು ಸಮವಾಗಿ ನಿಂತಿತು. ತಮ್ಮ ಸುತ್ತಿಗೆಯನ್ನೂ ಹಾಗೇ ಇಟ್ಟರು. ಅದು ನಿಂತದ್ದು ತಲೆಯ ಬುಡದಲ್ಲಿ. "ಜೀವ ತಲಿಯಾಗ ಇರಬೇಕ್ರಿ. ಇದರ ಜೀವ ಹಿಡಿಯಾಗ ಅದ. ಏಟು ಮಳಿಗಿ ಬೀಳಂಗಿಲ್ಲ, ನಮ್ಮ ಮೊಣಕೈಗೆ ಬೀಳ್ತದ."

ಮರದ ಹಿಡಿ ಏಟಿನ ಅದುರನ್ನು ತಾನೇ ನುಂಗಿಕೊಳ್ಳುತ್ತದೆ. ಪೊಳ್ಳು ಉಕ್ಕು ಅದನ್ನು ಕೈಗೆ ದಾಟಿಸುತ್ತದೆ. ಈ ಲೆಕ್ಕವನ್ನು ಅವರು ಬೆರಳೊಂದರ ಮೇಲೆ ತೋರಿಸಿಕೊಟ್ಟರು. ಹೊಸ ಯಂತ್ರ ಕಂಡರೆ ಅವರಿಗೆ ಸಿಟ್ಟೇನಿಲ್ಲ, ಮಗನ ಕರೆಂಟ್ ರಂದಾ ಪಕ್ಕದಲ್ಲೇ ಇತ್ತು. ಕೈಯ ಕಷ್ಟ ಗೊತ್ತಿಲ್ಲದವರು ಮಾಡಿದ ವಸ್ತುವಿಗೆ ಮಾತ್ರ ಅವರು ನಗುತ್ತಾರೆ.

ಮರುದಿನ ಕಲಬುರಗಿಗೆ ಮರಳುವಾಗ ಅವರು ಹುಡುಗನಿಗೆಂದು ಜಾಲಿಯ ಹಿಡಿಯೊಂದನ್ನು ಕೆತ್ತಿ ಕೊಟ್ಟರು, ದುಡ್ಡು ಮುಟ್ಟಲಿಲ್ಲ. ಮಿಸ್ತ್ರಿ ಅದಕ್ಕೆ ಅರ್ಧ ಕಿಲೋದ ತಲೆ ಕೂರಿಸಿದರು. ಮುಂದಿನ ಜಾತ್ರೆಯಲ್ಲಿ ಮಕ್ಕಳಿಗೆ ಹತ್ಯಾರ ಕೊಡಿಸುವ ಮನಸ್ಸಾದರೆ, ದಯವಿಟ್ಟು ಒಂದೇ ಕೆಲಸದ್ದು ಕೊಡಿಸಿ. ಕೊಳ್ಳುವ ಮುಂಚೆ ಬೆರಳ ಮೇಲೆ ಇಟ್ಟು ನೋಡಿ.