ಕಬ್ಬಿಣದ ಅಂಕೆ ಹಿಡಿದ ಹೆಪ್ಸಿಡಿನ್

ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಶ್ವಾಸಕೋಶ ತಜ್ಞ ಟೋಮಸ್ ಗಾಂಜ್, ಸೂಕ್ಷ್ಮಾಣುಗಳನ್ನು ಕೊಲ್ಲುವ ಪೆಪ್ಟೈಡುಗಳನ್ನು, ಅಂದರೆ ಕಿರುಪ್ರೋಟೀನುಗಳನ್ನು, ಹುಡುಕುತ್ತಿದ್ದವರು. ಅವರ ತಂಡ 2001ರಲ್ಲಿ ಮನುಷ್ಯರ ಮೂತ್ರದಲ್ಲಿ ಗುರುತಿಸಿ ಹೆಸರಿಟ್ಟ, ಯಕೃತ್ತಿನಲ್ಲಿ ತಯಾರಾಗುವ ಹೆಪ್ಸಿಡಿನ್, ಅವರ ಸಂಶೋಧನೆಯನ್ನು ರಕ್ತಹೀನತೆಯ ಕಡೆಗೆ ತಿರುಗಿಸಿತು. ಹೆಚ್ಚಾದ ಕಬ್ಬಿಣವನ್ನು ಹೊರಹಾಕುವ ನಿಯಂತ್ರಿತ ಮಾರ್ಗ ದೇಹಕ್ಕಿಲ್ಲವಾದ್ದರಿಂದ, ಕರುಳು ಹೀರುವ ಪ್ರಮಾಣವನ್ನೇ ಅಂಕೆಯಲ್ಲಿಡಬೇಕಾಗುತ್ತದೆ; ಹೆಪ್ಸಿಡಿನ್ ಮಾಡುವುದು ಈ ಕೆಲಸವನ್ನೇ. ಜೀವಕೋಶದಿಂದ ರಕ್ತಕ್ಕೆ ಕಬ್ಬಿಣವನ್ನು ಬಿಡುವ ಫೆರೋಪೋರ್ಟಿನ್ ಎಂಬ ಪ್ರೋಟೀನಿಗೆ ಹೆಪ್ಸಿಡಿನ್ ಅಂಟಿಕೊಂಡು ಅದನ್ನು ನಾಶಕ್ಕೆ ಒಳಪಡಿಸುತ್ತದೆ ಎಂಬುದನ್ನು 2004ರಲ್ಲಿ ಎಲಿಜಬೆಟಾ ನೆಮೆತ್, ಗಾಂಜ್ ಮತ್ತು ಸಹೋದ್ಯೋಗಿಗಳು ತೋರಿಸಿದರು. ದೀರ್ಘಕಾಲದ ಉರಿಯೂತದಲ್ಲಿ ಹೆಪ್ಸಿಡಿನ್ ಏರುವುದರಿಂದ, ಸಂಗ್ರಹದಲ್ಲಿ ಕಬ್ಬಿಣವಿದ್ದರೂ ಅದು ರಕ್ತಕಣ ಹುಟ್ಟುವ ಅಸ್ಥಿಮಜ್ಜೆಗೆ ಸಾಕಷ್ಟು ತಲುಪುವುದಿಲ್ಲ. ಇಂಥ ರೋಗಿಗಳಿಗೆ ಕಬ್ಬಿಣದ ಮಾತ್ರೆಗಳು ಅಷ್ಟಾಗಿ ಫಲ ಕೊಡದಿರುವುದಕ್ಕೂ ಹೆಪ್ಸಿಡಿನ್‌ನ ಈ ಏರಿಕೆ ಒಂದು ಮುಖ್ಯ ಕಾರಣ.